ಕಣ್ಣಿನ ಬಣ್ಣ ತಪ್ಪಿದರೆ ಹಕ್ಕಿಯೇ ಬೇರೆ



ನಾನು ಓದಿದ್ದು ಎಂ.ಟೆಕ್., ಮಾಡುತ್ತಿರುವುದು ಐಟಿ ಕೆಲಸ. ದಿನವಿಡೀ ಕಂಪ್ಯೂಟರಿನ ತೆರೆಯ ಮೇಲೆ ಬಣ್ಣಗಳ ಜೊತೆಗೇ ಒಡನಾಟ. ಅದಕ್ಕೇ ಇರಬೇಕು, ಮ್ಯೂಸಿಯಮ್ಮಿಗೆ ಹೋದರೆ ಗಾಜಿನ ಹಿಂದಿನ ಹಕ್ಕಿಗಳ ಮುಖದ ಮೇಲೇ ನನ್ನ ಕಣ್ಣು. ಇವತ್ತು ಆ ಮುಖದ ಬಣ್ಣದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಸತ್ತ ಪ್ರಾಣಿಪಕ್ಷಿಗಳ ಚರ್ಮ ಹದಮಾಡಿ, ಒಳಗೆ ಆಕಾರ ಕೊಟ್ಟು, ಜೀವ ಇದ್ದಂತೆ ನಿಲ್ಲಿಸುವ ವಿದ್ಯೆಗೆ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬ ರಾಜಮಹಾರಾಜರು ಬೇಟೆಯಾಡಿದ ಹುಲಿ, ಚಿರತೆಗಳಿಗೆ ಹೀಗೆ ರೂಪ ಕೊಟ್ಟು ಜಗತ್ತಿಗೇ ಹೆಸರಾಗಿತ್ತು. ಈಗ ಬೇಟೆಯ ಕಾಲ ಮುಗಿಯಿತು, ಆದರೆ ವಿದ್ಯೆ ಉಳಿದಿದೆ. 2009ರಲ್ಲಿ ನಮ್ಮ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೇ ಟ್ಯಾಕ್ಸಿಡರ್ಮಿ ಕೇಂದ್ರ ಆರಂಭವಾಯಿತು. ಅದರ ಹಿಂದಿದ್ದವರು ಪರೇಲಿನ ಪಶುವೈದ್ಯಕೀಯ ಕಾಲೇಜಿನ ಡಾ. ಸಂತೋಷ್ ಗಾಯಕ್ವಾಡ್. ಸತ್ತ ಪ್ರಾಣಿಯನ್ನು ಮಕ್ಕಳ ಕಲಿಕೆಗೆ ಉಳಿಸಿಕೊಳ್ಳುವುದು ಇಂಥ ಕೆಲಸದ ಉದ್ದೇಶ.

ಹಕ್ಕಿಯ ಗರಿಗಳ ಬಣ್ಣ ಸತ್ತ ಮೇಲೂ ಬಹುಕಾಲ ಉಳಿಯುತ್ತದೆ. ಗರಿಯಿಲ್ಲದ ಮುಖದ ಚರ್ಮ, ಜುಟ್ಟು, ಕಾಲುಗಳದ್ದು ಉಳಿಯುವುದಿಲ್ಲ. ರಕ್ತ ನಿಂತು ಚರ್ಮ ಒಣಗಿದಂತೆ ಎಲ್ಲವೂ ಮಂಕಾಗುತ್ತದೆ. ಕಣ್ಣಿನ ಜಾಗಕ್ಕೆ ಗಾಜಿನ ಕಣ್ಣು ಬರುತ್ತದೆ. ಅಂದರೆ ಮುಖದ ಬಣ್ಣವನ್ನೆಲ್ಲ ಮನುಷ್ಯನೇ ಆರಿಸಬೇಕು.

ಅಮೆರಿಕದ ಕಾಡು ಟರ್ಕಿ ಕೋಳಿಯನ್ನು ನೋಡಿ. ಗಂಡಿನ ಬೋಳು ತಲೆ ಕೆಂಪು, ಬಿಳಿ, ನೀಲಿ ಎಂದು ಅದರ ಮನಸ್ಸಿನಂತೆ ಬದಲಾಗುತ್ತದೆ. ಚರ್ಮದೊಳಗಿನ ರಕ್ತನಾಳಗಳು ಹಿಗ್ಗಿ ಕುಗ್ಗಿದಂತೆ ಈ ಆಟ. ಬಾಲ ಬಿಚ್ಚಿ ಮೆರೆಯುವ ಭಂಗಿಯಲ್ಲಿ ನಿಲ್ಲಿಸಿದರೆ ಬಿಳಿ ನೆತ್ತಿ, ನೀಲಿ ಮುಖ, ಕೆಂಪು ಕುತ್ತಿಗೆ ಹೊಂದುತ್ತದೆ. ಮೊದಲು ಭಂಗಿ ನಿಶ್ಚಯಿಸಬೇಕು, ಆಮೇಲೆ ಬಣ್ಣ.

ನಮ್ಮಲ್ಲಿ ಇದಕ್ಕಿಂತ ಸೂಕ್ಷ್ಮವಾದ ಹಕ್ಕಿ ಇದೆ. ದಾಂಡೇಲಿಯ ಕಾಡಿನ ದೊಡ್ಡ ಮಂಗಟ್ಟೆ, ಅಂದರೆ ಗ್ರೇಟ್ ಹಾರ್ನ್‌ಬಿಲ್. ಮರಾಠಿಯವರಿಗೆ ಧನೇಶ್. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಲಾಂಛನವೂ ಇದೇ. ಇದರ ಗಂಡಿನ ಕಣ್ಣು ಕೆಂಪು, ಹೆಣ್ಣಿನ ಕಣ್ಣು ಬಿಳಿ. ಗಂಡಿನ ಕಣ್ಣಸುತ್ತಿನ ಚರ್ಮ ಕಪ್ಪು, ಹೆಣ್ಣಿನದು ಕೆಂಪು. ಗರಿಗಳಲ್ಲಿ ಇಬ್ಬರೂ ಒಂದೇ. ಹೆಣ್ಣು ಹಕ್ಕಿಗೆ ಅಂದಕ್ಕೆಂದು ಕೆಂಪು ಗಾಜಿನ ಕಣ್ಣು ಕೂರಿಸಿದರೆ ಅವಳು ಅಲ್ಲಿಗೆ ಗಂಡೇ! ಮರದ ಪೊಟರೆಯ ಬಾಯಿ ಮುಚ್ಚಿಕೊಂಡು, ಸೀಳಿನಿಂದ ಗಂಡು ಕೊಡುವ ಹಣ್ಣು ತಿಂದು, ವಾರಗಟ್ಟಲೆ ಮೊಟ್ಟೆಗೆ ಕಾವು ಕೊಟ್ಟ ತಾಯಿಯ ಗುರುತೇ ಅಳಿಸಿಹೋಯಿತು. ನೋಡುವ ಮಗು ಅದನ್ನೇ ನಿಜವೆಂದು ನಂಬುತ್ತದೆ.

ಕೊಕ್ಕಿನ ಹಳದಿಯದೂ ಒಂದು ಕಥೆ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಹಕ್ಕಿ ತಾನೇ ಕೊಕ್ಕಿಗೆ, ರೆಕ್ಕೆಯ ಬಿಳಿ ಪಟ್ಟಿಗೆ ಸವರಿಕೊಳ್ಳುತ್ತದೆ. ನಾವು ಅರಿಶಿನ ಹಚ್ಚಿಕೊಂಡಂತೆ! ಸತ್ತ ಮೇಲೆ ಸವರುವವರು ಯಾರು? ಬಣ್ಣ ಹಚ್ಚುವಾಗಲೂ ಒಂದೇ ಸಮ ಗಾಢ ಹಳದಿ ಬಳಿದರೆ ಪ್ಲಾಸ್ಟಿಕ್ ಗೊಂಬೆಯಂತಾಗುತ್ತದೆ. ತೆಳುವಾಗಿ, ಪದರಪದರವಾಗಿ ಹಚ್ಚಿ, ಕೆಳಗಿನ ಬಣ್ಣ ಕಾಣುವಂತೆ ಬಿಡಬೇಕು.

ಸರಿಯಾದ ಬಣ್ಣ ತಿಳಿಯುವುದು ಹೇಗೆ? ಹಕ್ಕಿ ಹಸಿಯಾಗಿರುವಾಗಲೇ ಕಣ್ಣು, ಕೊಕ್ಕು, ಕಾಲಿನ ಬಣ್ಣ ನೋಡಿ, ದಿನಾಂಕ, ಸ್ಥಳ, ಗಂಡೋ ಹೆಣ್ಣೋ ಎಂಬುದರ ಜೊತೆ ಬರೆದಿಡುವುದು ಪಕ್ಷಿತಜ್ಞರ ಹಳೆಯ ರೂಢಿ. ಈಗ ಫೋಟೋ ಇದೆಯಲ್ಲ ಎನ್ನುತ್ತೀರಿ. ನನ್ನ ವೃತ್ತಿಯ ಮಾತು ಕೇಳಿ: ಒಂದೇ ಫೋಟೋವನ್ನು ನಂಬಬೇಡಿ. ನೆರಳಿನಲ್ಲಿ ತೆಗೆದದ್ದು ನೀಲಿಯತ್ತ ವಾಲುತ್ತದೆ, ಸಂಜೆಯದು ಕೇಸರಿಯತ್ತ. ಒಂದೊಂದು ಮೊಬೈಲಿನ ತೆರೆ ಒಂದೊಂದು ಬಣ್ಣ ತೋರಿಸುತ್ತದೆ. ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟು ತೆಗೆದರೆ ಸರಿಪಡಿಸಲು ಒಂದು ಆಧಾರ ಸಿಗುತ್ತದೆ. ದಾದರಿನ ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಒಂದು ಎಚ್ಚರಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಕೊಂದು ಅಥವಾ ಸತ್ತದ್ದನ್ನು ತಂದು ಮನೆಯಲ್ಲಿ ಅಲಂಕಾರಕ್ಕೆ ಇಡುವಂತಿಲ್ಲ. ಎಲ್ಲಾದರೂ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಮಕ್ಕಳಿಗೆ ರಜೆ ಬಂದಾಗ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಪ್ರಾಣಿಪಕ್ಷಿ ವಿಭಾಗದಲ್ಲಿ ಮಂಗಟ್ಟೆಯೂ ಇದೆ. ಹೆಸರಿನ ಫಲಕ ಓದುವ ಮೊದಲು, "ಕಣ್ಣು ನೋಡಿ ಹೇಳು, ಇದು ಗಂಡೋ ಹೆಣ್ಣೋ?" ಎಂದು ಮಕ್ಕಳನ್ನು ಕೇಳಿ.