ಎರಡೇ ಚುಕ್ಕೆಗಳ ನಕಾಶೆ



ಇಂದು ನಾನು ಮಾತನಾಡಲಿರುವುದು ಹುಲಿ, ಆನೆ, ಸಿಂಗಳೀಕಗಳ ಕುರಿತಲ್ಲ. ಒಂದು ದುಂಬಿಯ ಕುರಿತು. ಅದೂ ನಮ್ಮ ಘಟ್ಟದ ದುಂಬಿಯಲ್ಲ, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ್ದು. ಆದರೆ ಅದರ ಬಳಗವನ್ನು ನೀವೆಲ್ಲರೂ ಕಂಡಿದ್ದೀರಿ. ತೋಟದ ದರಕನ್ನು ಸರಿಸಿದಾಗ, ಸಗಣಿಯನ್ನು ಕೆದಕಿದಾಗ, ಕೊಳೆತ ಹಲಸಿನ ಹಣ್ಣನ್ನು ಮಗುಚಿದಾಗ ನೀಳವಾದ ಸಣ್ಣ ಕೀಟವೊಂದು ಚೇಳಿನಂತೆ ಹಿಂಭಾಗವನ್ನು ಮೇಲೆತ್ತಿ ಸರಸರನೆ ಓಡಿಹೋಗುತ್ತದಲ್ಲವೇ? ನೋಟಕ್ಕೆ ಹುಳುವಿನಂತಿದ್ದರೂ ಅದು ದುಂಬಿಯೇ. ಬೆನ್ನ ಮೇಲಿನ ಗಟ್ಟಿ ಹೊದಿಕೆ ಅರ್ಧಕ್ಕೇ ನಿಂತಿರುವುದರಿಂದ ಹಾಗೆ ಕಾಣುತ್ತದೆ. ಹಾರುವ ರೆಕ್ಕೆಗಳು ಆ ಗಿಡ್ಡ ಹೊದಿಕೆಯ ಅಡಿಯಲ್ಲಿ ಮಡಚಿಕೊಂಡಿರುತ್ತವೆ. ಮಳೆಗಾಲದಲ್ಲಿ ದೀಪಕ್ಕೆ ಬಂದು, ಮೈಮೇಲೆ ಹೊಸಕಿಬಿಟ್ಟರೆ ಉರಿಬೊಬ್ಬೆ ಎಬ್ಬಿಸುವ ಕೆಂಪು-ಕಪ್ಪು ಕೀಟವೂ ಇದೇ ಕುಟುಂಬದ್ದು. ಅದರಿಂದ ಇಡೀ ಕುಲಕ್ಕೇ ಕೆಟ್ಟ ಹೆಸರು ಬಂದಿದೆ. ನಿಜದಲ್ಲಿ ಇವುಗಳಲ್ಲಿ ಹೆಚ್ಚಿನವು ನೊಣದ ಮರಿಹುಳುಗಳಂತಹ ಕ್ಷುದ್ರ ಜೀವಿಗಳನ್ನು ತಿಂದು ಬದುಕುವಂಥವು. ಶಾಸ್ತ್ರದಲ್ಲಿ ಈ ಕುಟುಂಬಕ್ಕೆ ಸ್ಟ್ಯಾಫಿಲಿನಿಡೇ ಎಂದು ಹೆಸರು, ಇಂಗ್ಲಿಷಿನಲ್ಲಿ ರೋವ್ ಬೀಟಲ್ ಎನ್ನುತ್ತಾರೆ. ಈವರೆಗೆ ಹೆಸರಿಸಲ್ಪಟ್ಟಿರುವ ಪ್ರಭೇದಗಳೇ 60 ಸಾವಿರಕ್ಕೂ ಹೆಚ್ಚು.

ಇನ್ನು ಕತೆಗೆ ಬರೋಣ. 1832ರಲ್ಲಿ ಬೀಗಲ್ ಹಡಗು ಅರ್ಜೆಂಟೀನಾದ ಕರಾವಳಿಯ ಬಾಹಿಯಾ ಬ್ಲಾಂಕಾ ಎಂಬಲ್ಲಿ ತಂಗಿತ್ತು. ಅದರಲ್ಲಿದ್ದ ಚಾರ್ಲ್ಸ್ ಡಾರ್ವಿನ್ 23ರ ತರುಣ. ಆ ಸೀಮೆಯ ದಂಡೆಯಲ್ಲಿ ಅವರು ಅಗೆದು ತೆಗೆದ ದೈತ್ಯ ಪ್ರಾಣಿಗಳ ಮೂಳೆಗಳು ಲೋಕಪ್ರಸಿದ್ಧವಾದವು. ಅಲ್ಲಿಯೇ ಅವರು ಹಿಡಿದ ಒಂದು ದುಂಬಿ ಮಾತ್ರ ಯಾರ ಗಮನಕ್ಕೂ ಬಾರದೆ ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಮುಂದೆ ಅದು ಕಳೆದೇಹೋಯಿತೆಂದು ಭಾವಿಸಲಾಗಿತ್ತು.

ಅದು ಮತ್ತೆ ಬೆಳಕಿಗೆ ಬಂದದ್ದು ಯಾರೋ ಅದನ್ನೇ ಹುಡುಕಿಕೊಂಡು ಹೋದದ್ದರಿಂದಲ್ಲ. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯದ ಚಟನೂಗ ಕೇಂದ್ರದ ಸ್ಟೈಲಿಯಾನೋಸ್ ಹಾಟ್ಜಿಮನೋಲಿಸ್ ಎಂಬ ವಿಜ್ಞಾನಿ ಈ ದುಂಬಿಗಳ ಒಂದು ಉಪಪಂಗಡದ ಪುನರ್ವಿಮರ್ಶೆಯಲ್ಲಿ ತೊಡಗಿದ್ದರು. ಪುನರ್ವಿಮರ್ಶೆ ಎಂದರೆ ಏನು? ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶದವರು ಹೆಸರಿಟ್ಟ ಜೀವಿಗಳ ಮೂಲ ಮಾದರಿಗಳನ್ನು ಸಂಗ್ರಹಾಲಯಗಳಿಂದ ಎರವಲು ತರಿಸಿ, ಒಂದರ ಪಕ್ಕ ಒಂದಿಟ್ಟು, ಮೀಸೆಯ ಗಣ್ಣು, ದವಡೆ, ಗಂಡಿನ ಜನನಾಂಗ ಇವೆಲ್ಲವನ್ನೂ ಹೋಲಿಸಿ ನೋಡುವುದು. ಒಂದೇ ಜೀವಿಗೆ ಎರಡು ಹೆಸರಿದ್ದರೆ ಹಳೆಯದನ್ನು ಉಳಿಸುವುದು, ಒಂದೇ ಹೆಸರಿನಡಿ ಎರಡು ಜೀವಿಗಳಿದ್ದರೆ ಬೇರ್ಪಡಿಸುವುದು. ವರ್ಷಗಟ್ಟಲೆ ನಡೆಯುವ, ಹೊರಗಿನವರಿಗೆ ನೀರಸವೆನಿಸುವ ಕೆಲಸ. ಹಾಗೆ ಎರವಲು ಬಂದ ಕೀಟಗಳ ನಡುವೆ ತಲೆ ಮತ್ತು ಎದೆಯ ಭಾಗ ಲೋಹದಂತೆ ಹೊಳೆಯುವ, ಮೀಸೆ ಗರಗಸದ ಹಲ್ಲಿನಂತಿರುವ ಒಂದು ದುಂಬಿ ಇತ್ತು. ಅದರ ಚೀಟಿಯ ಮೇಲೆ ಬಾಹಿಯಾ ಬ್ಲಾಂಕಾ ಎಂಬ ಊರಿನ ಹೆಸರೂ ಡಾರ್ವಿನ್ನರ ಹೆಸರೂ ಇದ್ದವು.

ಗೊತ್ತಿದ್ದ ಯಾವ ಕುಲಕ್ಕೂ ಅದು ಸೇರಲಿಲ್ಲ. 2014ರ ಫೆಬ್ರವರಿ 12ರಂದು, ಡಾರ್ವಿನ್ನರ ಜನ್ಮದಿನದಂದೇ, ಜೂಕೀಸ್ ಪತ್ರಿಕೆಯಲ್ಲಿ ಅದಕ್ಕೆ ಡಾರ್ವಿನಿಲಸ್ ಸೆಡಾರಿಸಿ ಎಂದು ನಾಮಕರಣವಾಯಿತು. ಎರಡನೆಯ ಪದ ಡೇವಿಡ್ ಸೆಡಾರಿಸ್ ಎಂಬ ಹಾಸ್ಯ ಲೇಖಕರ ಗೌರವಾರ್ಥ. ಕೀಟಗಳನ್ನು ಅಣಿಗೊಳಿಸುವಾಗ ವಿಜ್ಞಾನಿ ಕೇಳುತ್ತಿದ್ದುದು ಅವರ ಧ್ವನಿಪುಸ್ತಕಗಳನ್ನಂತೆ! ಹಿಡಿದದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ 182 ವರ್ಷಗಳು.

ಈಗ ಅದರ ವ್ಯಾಪ್ತಿಯ ವಿಚಾರ. ಹೆಸರಿಡುವ ವೇಳೆಗೆ ಜಗತ್ತಿನಲ್ಲಿ ಈ ಪ್ರಭೇದದ ಎರಡೇ ಮಾದರಿಗಳು ಗೊತ್ತಿದ್ದವು. ಒಂದು ಡಾರ್ವಿನ್ನರದು. ಇನ್ನೊಂದು ಬರ್ಲಿನ್ನಿನ ಸಂಗ್ರಹಾಲಯದಲ್ಲಿರುವುದು, ಕೊರ್ಡೊಬಾ ಪ್ರಾಂತದ ರಿಯೊ ಕ್ವಾರ್ಟೊ ಎಂಬಲ್ಲಿ ಹಿಡಿದದ್ದು. ಎರಡೂ 1935ಕ್ಕಿಂತ ಹಿಂದಿನವು. ನಕಾಶೆಯಲ್ಲಿ ಗುರುತಿಸಿದರೆ ಎರಡು ಚುಕ್ಕೆ. ಅವುಗಳ ನಡುವೆ 600 ಕಿಲೋಮೀಟರಿಗೂ ಮೀರಿದ ಖಾಲಿ ಜಾಗ. ಅಷ್ಟು ದೂರದ ಎರಡು ಕಡೆ ಸಿಕ್ಕ ಕೀಟ ನಡುವೆಯೂ ಎಲ್ಲೋ ಬದುಕಿರಲೇಬೇಕೆಂದು ಊಹಿಸಬಹುದು. ಆದರೆ ಆ ನಡುವಿನ ನೆಲ ಪಾಂಪಾಸ್ ಹುಲ್ಲುಗಾವಲಿನ ಸೀಮೆ, ಮತ್ತು ಆ ಹುಲ್ಲುಗಾವಲಿನ ಬಹುಭಾಗ ಇಂದು ಗೋಧಿ, ಮೆಕ್ಕೆಜೋಳ, ಸೋಯಾ ಹೊಲವಾಗಿದೆ. ಈ ದುಂಬಿ ಏನು ತಿನ್ನುತ್ತಿತ್ತು, ಯಾವ ಋತುವಿನಲ್ಲಿ ಮರಿಮಾಡುತ್ತಿತ್ತು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹೊಸದಾಗಿ ಹೆಸರು ಪಡೆದ ಜೀವಿ ಆಗಲೇ ಅಳಿದುಹೋಗಿರದಿರಲಿ ಎಂದು ಹಾಟ್ಜಿಮನೋಲಿಸ್ ಹಾರೈಸಿದರು. ಹೆಸರಿಟ್ಟವರೇ ಹಾಗೆ ಹಾರೈಸಬೇಕಾದ ಸ್ಥಿತಿ ನನಗೆ ಬಹಳ ಕ್ಲೇಶವನ್ನುಂಟುಮಾಡುತ್ತದೆ.

ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಕಾಶೆಯ ಖಾಲಿ ಜಾಗ ಎಂದರೆ ಅಲ್ಲಿ ಜೀವಿ ಇಲ್ಲ ಎಂದಲ್ಲ. ಅಲ್ಲಿ ಯಾರೂ ಹುಡುಕಿಲ್ಲ ಎಂದೂ ಆಗಬಹುದು. ಕಾಡನ್ನೋ ಹುಲ್ಲುಗಾವಲನ್ನೋ ಬಳಸಿಕೊಳ್ಳಲು ಬರುವವರು "ಇಲ್ಲಿ ವಿಶೇಷ ಜೀವಿಗಳು ದಾಖಲಾಗಿಲ್ಲ" ಎಂದು ಬರೆದಾಗ, ಹುಡುಕಿದವರು ಯಾರು, ಯಾವ ತಿಂಗಳಿನಲ್ಲಿ, ಎಷ್ಟು ದಿನ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ದೇಶದ ಈ ದುಂಬಿಗಳ ವಿಷಯದಲ್ಲಿಯೂ ನಾವಿನ್ನೂ ಒರಗಿರುವುದು ಮಾಲ್ಕಂ ಕ್ಯಾಮರಾನ್ ಎಂಬ ಆಂಗ್ಲ ವಿದ್ವಾಂಸರು 1930ರಿಂದ 1939ರವರೆಗೆ ಹೊರತಂದ ಸಂಪುಟಗಳ ಮೇಲೆಯೇ. ಅವರ ಸಂಗ್ರಹವಿರುವುದೂ ಲಂಡನ್ನಿನಲ್ಲಿ. ಈಗ ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಿದೆ. ಅಲ್ಲಿ ದೊಡ್ಡ ಸಂಗ್ರಹವಿದೆ.

ಸೊಪ್ಪಿನಬೆಟ್ಟದಲ್ಲೋ ತೋಟದಲ್ಲೋ ಇಂತಹ ದುಂಬಿ ಕಂಡರೆ ಬರಿಗೈಯಿಂದ ಹಿಡಿಯಬೇಡಿ, ಬೊಬ್ಬೆಯ ಮಾತು ನೆನಪಿರಲಿ. ಮೀಸಲು ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಹಿಡಿಯುವಂತಿಲ್ಲ. ನಿಮ್ಮದೇ ಜಮೀನಿನಲ್ಲಿ ಚಿತ್ರ ತೆಗೆದರೂ ಸಾಕು. ಜೊತೆಗೆ ಊರು, ತಾಲ್ಲೂಕು, ತಾರೀಖು, ಅದು ಸಿಕ್ಕದ್ದು ದರಕಿನಡಿಯೋ ಸಗಣಿಯಲ್ಲೋ ದೀಪದ ಬಳಿಯೋ ಎಂಬುದನ್ನು ಅಂದೇ ಬರೆದಿಡಿ. ಡಾರ್ವಿನ್ನರ ದುಂಬಿಯ ಚೀಟಿಯಲ್ಲಿ ಊರಿನ ಹೆಸರಿತ್ತು. ಸಗಣಿಯೋ ಹುಲ್ಲೋ ಎಂಬುದಿರಲಿಲ್ಲ.