ಏಳು ದಿನದ ಹೆದರಿಕೆ

(ಹಿರೇಕೆರೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ಬಾಲ್ಯದ ನೆನಪು ಎಂದೊಡನೆ ಎಲ್ಲರೂ ಸಿಹಿಯನ್ನೇ ಹುಡುಕುತ್ತಾರೆ. ಪಂಚಮಿ ಉಂಡಿ, ಜಾತ್ರೆಯ ಬೆಂಡು ಬತ್ತಾಸು, ಅಜ್ಜಿಯ ಮಡಿಲು. ಆದರೆ ನಲವತ್ತು ದಾಟಿದ ನಾಲ್ವರು ಕಟ್ಟೆಯ ಮೇಲೆ ಕುಳಿತು ಚಿಕ್ಕಂದಿನ ಮಾತು ತೆಗೆಯಲಿ, ಸ್ವಲ್ಪ ಹೊತ್ತಿನಲ್ಲೇ ಮಾತು ಹೆದರಿಕೆಯ ಕಡೆಗೆ ಹೊರಳುತ್ತದೆ. ಹುಣಸೆಮರದ ದೆವ್ವ, ‘ಚಂದಮಾಮ’ದ ಬೇತಾಳ, ಬಾಗಿಲ ಮೇಲೆ ಬರೆದ ‘ನಾಳೆ ಬಾ’, ಬುಟ್ಟಿಯಲ್ಲಿ ಬಾಯಿ ತೆರೆದು ಕುಳಿತ ಜೋಕುಮಾರ. ಇವನ್ನು ಹೇಳುವಾಗ ಯಾರ ಮುಖದಲ್ಲೂ ಭಯವಿರುವುದಿಲ್ಲ, ನಗು ಇರುತ್ತದೆ. ತನ್ನನ್ನು ಹೆದರಿಸಿದ ವಸ್ತುವಿನ ಮೇಲೆಯೇ ಮನುಷ್ಯನಿಗೆ ಇಷ್ಟು ಅಕ್ಕರೆ ಏಕೆ? ಇಂದಿನ ಮಾತು ಈ ಪ್ರಶ್ನೆಯ ಸುತ್ತಲೇ ಇದೆ. ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ, ಕೆರೆಯ ಮಣ್ಣಿನ ತನಕ ಹೋದರೆ ಸಾಕು.

ಮೊದಲು ಜೋಕುಮಾರನನ್ನೇ ನೋಡೋಣ. ಗಣೇಶ ಚೌತಿಯ ನಂತರ, ಭಾದ್ರಪದ ಶುದ್ಧ ಅಷ್ಟಮಿಯ ಹೊತ್ತಿಗೆ ಅವನು ಹುಟ್ಟುತ್ತಾನೆ. ಹುಣ್ಣಿಮೆಯ ರಾತ್ರಿ ಸಾಯುತ್ತಾನೆ. ಒಟ್ಟು ಏಳು ದಿನದ ಆಯುಷ್ಯ. ಹಸಿ ಮಣ್ಣಿನ ಅಗಲ ಮುಖ, ದೊಡ್ಡ ಕಣ್ಣು, ಹುರಿಮೀಸೆ, ತೆರೆದ ಬಾಯಿ, ತುಟಿಗೆ ಬಳಿದ ಬೆಣ್ಣೆ. ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಅವನನ್ನಿಟ್ಟು ಅಂಬಿಗ ಸಮಾಜದ ಹೆಣ್ಣುಮಕ್ಕಳು ಹಾಡು ಹೇಳುತ್ತ ಮನೆಮನೆಗೆ ತರುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಮೆಣಸಿನಕಾಯಿ, ಉಪ್ಪು ನೀಡುತ್ತಾರೆ. ಬದಲಿಗೆ ಬಂದ ಬೇವಿನ ಎಲೆ, ಅಂಬಲಿ, ನುಚ್ಚು ಹೊಲ ಸೇರುತ್ತವೆ. ಬೆಳೆಗೆ ಹುಳ ಬೀಳದಿರಲಿ ಎಂಬುದು ನಂಬಿಕೆ.

ಅವನ ಕಥೆಯೂ ಸ್ವಾರಸ್ಯದ್ದು. ಭೂಲೋಕಕ್ಕೆ ಬಂದ ಗಣಪ ಕಡುಬು ತಿಂದು ಕೈಲಾಸಕ್ಕೆ ಮರಳಿ ‘ಕೆಳಗೆ ಎಲ್ಲವೂ ಸುಭಿಕ್ಷ’ ಎನ್ನುತ್ತಾನೆ. ಅವನ ಹಿಂದೆ ಬಂದ ಜೋಕುಮಾರ ಹೊಲ ತಿರುಗಿ, ಬಾಡಿದ ಪೈರು ಕಂಡು ‘ಮಳೆಯಿಲ್ಲ, ಜನ ಕಷ್ಟದಲ್ಲಿದ್ದಾರೆ’ ಎಂದು ಶಿವನಿಗೆ ತಿಳಿಸುತ್ತಾನೆ. ಆಗ ಮಳೆ ಬರುತ್ತದೆ. ಒಬ್ಬ ಔತಣ ಉಂಡು ಹೋದ ವರದಿಗಾರ, ಇನ್ನೊಬ್ಬ ಊರು ಸುತ್ತಿ ಬಂದ ವರದಿಗಾರ. ರೈತನಿಗೆ ಬೇಕಾದವನು ಎರಡನೆಯವನು.

ಆದರೆ ಮಕ್ಕಳಿಗೆ ಈ ಕಥೆಗಿಂತ ಮೊದಲು ಕಾಣುತ್ತಿದ್ದುದು ಆ ಕಣ್ಣು ಮತ್ತು ಬಾಯಿ. ಬುಟ್ಟಿ ಓಣಿಗೆ ಬಂದಿತೆಂದರೆ ಕೆಲವರು ಕಣಜದ ಹಿಂದೆ ಅಡಗುತ್ತಿದ್ದರು, ಕೆಲವರು ಅವ್ವನ ಸೆರಗಿನ ಸಂದಿಯಿಂದ ಇಣುಕುತ್ತಿದ್ದರು. ಹುಣ್ಣಿಮೆಯ ರಾತ್ರಿಯ ಸಂಗತಿ ಇನ್ನೂ ಭಯಂಕರ. ಊರಿಂದೂರಿಗೆ ವಿವರ ಬೇರೆಯಾದರೂ ಸಾರಾಂಶ ಒಂದೇ: ಹೆಣ್ಣುಮಕ್ಕಳು ಅವನ ಸುತ್ತ ಮುಳ್ಳಿಟ್ಟು ತಿರುಗುತ್ತಾರೆ. ಮುಳ್ಳು ಸೀರೆಗೆ ಸಿಕ್ಕಿದರೆ ಜೋಕುಮಾರನೇ ಸೆರಗು ಹಿಡಿದನೆಂದು ಒನಕೆಯಿಂದ ಬಡಿಯುತ್ತಾರೆ. ಸತ್ತವನನ್ನು ನೀರಿನ ದಂಡೆಗೆ ಒಯ್ದು ಅಗಸರ ಬಂಡೆಯ ಕೆಳಗೆ ಹಾಕುತ್ತಾರೆ. ಅವನ ಅಳು ಕೇಳಿಸುತ್ತದೆಂದು ಅಗಸರು ಆಮೇಲೆ ಕೆಲವು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ. ಆ ದಿನಗಳಲ್ಲಿ ಕತ್ತಲಾದ ಮೇಲೆ ಕೆರೆಯ ಕಡೆ ಹೋಗುವ ಧೈರ್ಯ ಯಾವ ಹುಡುಗನಿಗಿತ್ತು? ಈ ಹುಟ್ಟು ಸಾವಿನ ಶಕ್ತಿಯನ್ನು ಅರಿತೇ ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದರು. ಮಳೆ, ಬೆಳೆ, ಸಂತಾನದ ಈ ದೇವರನ್ನು ಅವರು ಗೌಡ ಮತ್ತು ಉಳುವವನ ನಡುವಿನ ಜಗಳದೊಳಗೆ ತಂದು ನಿಲ್ಲಿಸಿದರು.

ಜೋಕುಮಾರ ಒಂಟಿಯಲ್ಲ. ಈ ಸೀಮೆಯಲ್ಲಿ ಮಳೆಗಾಲದ ಉದ್ದಕ್ಕೂ ಐದು ಮಣ್ಣಿನ ಪೂಜೆಗಳಿವೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಕೊನೆಗೆ ಜೋಕುಮಾರ. ಇವುಗಳಲ್ಲಿ ಮಣ್ಣೆತ್ತು ಮತ್ತು ಗುಳ್ಳವ್ವ ಮಕ್ಕಳ ಪಾಲಿನವು. ಕಾರಹುಣ್ಣಿಮೆಗೆ ದೊಡ್ಡವರು ಜೀವಂತ ಎತ್ತನ್ನು ಸಿಂಗರಿಸಿದರೆ, ಹದಿನೈದು ದಿನದ ನಂತರ ಮಕ್ಕಳು ಮಣ್ಣಿನ ಎತ್ತನ್ನು ಮಾಡುತ್ತಿದ್ದರು.

ಈ ಮಾಡುವ ಕೆಲಸ ಸಣ್ಣದಲ್ಲ. ಮಣ್ಣಿನಿಂದ ಹರಳು ಆರಿಸಬೇಕು. ಅಂಗೈಗೆ ಅಂಟದಷ್ಟು ಹದವಾಗಿ ನಾದಬೇಕು. ಕಾಲು ದಪ್ಪವಿರಬೇಕು, ಇಲ್ಲವಾದರೆ ಮೈಭಾರಕ್ಕೆ ಎತ್ತು ಕುಸಿಯುತ್ತದೆ. ಎರಡು ಬೆರಳಿನಿಂದ ಎಳೆದರೆ ಕೊಂಬು, ಹೆಬ್ಬೆರಳಿನಿಂದ ಒತ್ತಿ ಎತ್ತಿದರೆ ಇಣಿ, ಗುಲಗಂಜಿ ಇಟ್ಟರೆ ಕಣ್ಣು. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ, ಆದ್ದರಿಂದ ನೆರಳಿನಲ್ಲಿ ಆರಿಸಬೇಕು. ಎತ್ತಿನ ಮುಂದೆ ಒಂದು ಗೋದಲಿಯೂ ಬೇಕು. ಇಷ್ಟನ್ನು ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ, ಅಕ್ಕನ ಕೈ ನೋಡಿ ತಮ್ಮ ಕಲಿತ. ಸರ್ವಜ್ಞನ ತಾಯಿ ಕುಂಬಾರ ಮನೆತನದವಳು ಎಂದು ಅಬಲೂರು, ಮಾಸೂರಿನ ಪ್ರತೀತಿ ಹೇಳುತ್ತದೆ. ಕವಿಯ ಊರೆಂದು ಹೆಮ್ಮೆಪಡುವ ಸೀಮೆಗೆ ಮಣ್ಣಿನ ನಂಟು ಅಷ್ಟು ಹತ್ತಿರದ್ದು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಈ ಹೆದರಿಕೆ ಅಕ್ಕರೆಯಾಗಿ ಮಾರ್ಪಟ್ಟದ್ದು ಹೇಗೆ? ಕಾರಣ ಮೂರು. ಒಂದು, ಭಯಕ್ಕೆ ಇಲ್ಲಿ ಆಕಾರವಿತ್ತು. ಆಕಾರವಿಲ್ಲದ ಕತ್ತಲಿಗಿಂತ ಮೀಸೆಯಿರುವ ಗೊಂಬೆ ವಾಸಿ. ಎರಡು, ಅದಕ್ಕೆ ಗಡುವಿತ್ತು. ಎಷ್ಟೇ ಗುಡುಗಿದರೂ ಜೋಕುಮಾರನ ದರ್ಬಾರು ಏಳೇ ದಿನ ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ಮೂರು, ಅದು ಮನುಷ್ಯರ ಕೈಯಿಂದಲೇ ಆಗಿ ಮನುಷ್ಯರ ಕೈಯಿಂದಲೇ ಮುಗಿಯುತ್ತಿತ್ತು. ಜ್ಯೇಷ್ಠದಲ್ಲಿ ತಾನೇ ಎತ್ತು ಮಾಡಿದ ಮಗುವಿಗೆ, ಭಾದ್ರಪದದಲ್ಲಿ ಕಣ್ಣು ಬಿಟ್ಟು ಬಂದವನೂ ಅದೇ ಮಣ್ಣಿನವನು ಎಂದು ಒಳಗೆ ತಿಳಿದಿರುತ್ತಿತ್ತು. ಹೆದರಿದರೂ ಆ ತಿಳಿವಳಿಕೆ ಅದರ ಕೈ ಬಿಡುತ್ತಿರಲಿಲ್ಲ.

ಇದು ಈ ನಾಡಿನ ವಿಶೇಷ ಮಾತ್ರವಲ್ಲ. ಮೆಕ್ಸಿಕೋದಲ್ಲಿ ನವೆಂಬರ್ ಆರಂಭದ ಸತ್ತವರ ಹಬ್ಬಕ್ಕೆ ಸಕ್ಕರೆಯಲ್ಲಿ ತಲೆಬುರುಡೆ ಮಾಡುತ್ತಾರೆ. ಅಮೆರಿಕದಲ್ಲಿ 1961ರಲ್ಲಿ ಅರೋರಾ ಎಂಬ ಕಂಪನಿ ಫ್ರಾಂಕೆನ್‌ಸ್ಟೈನ್ ಸಿನಿಮಾದ ದೈತ್ಯನನ್ನು ಪ್ಲಾಸ್ಟಿಕ್ ತುಂಡುಗಳಾಗಿ ಡಬ್ಬಿಯಲ್ಲಿಟ್ಟು ಮಾರಿತು. ತುಂಡುಗಳನ್ನು ಅಂಟಿಸಿ ಬಣ್ಣ ಬಳಿಯುವ ಕೆಲಸ ಮಗುವಿನದು. ಆ ಪೀಳಿಗೆಯವರು ಮುಪ್ಪಿನಲ್ಲೂ ಆ ಗೊಂಬೆಗಳನ್ನು ಅಕ್ಕರೆಯಿಂದ ಹುಡುಕಿ ಕೊಂಡರು. ಹೆದರಿಸುವುದನ್ನು ತನ್ನ ಮೇಜಿನ ಮೇಲೆ ತಾನೇ ನಿಲ್ಲಿಸುವ ಸುಖ ಎಲ್ಲ ಕಡೆಗೂ ಒಂದೇ.

ಕಾಗದದ ಮೇಲಿನ ಭಯವೂ ಇದೇ ನಿಯಮ ಪಾಲಿಸಿತು. 1947ರಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಬಳಿಕ ಕನ್ನಡಕ್ಕೂ ಬಂದ ‘ಚಂದಮಾಮ’ ತಿಂಗಳಿಗೊಮ್ಮೆ ಬೇತಾಳನನ್ನು ಮನೆಗೆ ತರುತ್ತಿತ್ತು. ಒಂದು ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಸ್ಮಶಾನ. ಕಲಾವಿದ ಶಂಕರ್ ಬರೆದ ಆ ಚಿತ್ರವನ್ನು ಅಂಗೈಯಿಂದ ಮುಚ್ಚಿ ಕಥೆ ಓದಿದವರು ಕಡಿಮೆಯೇನಲ್ಲ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಸೇರಿಸಿದ ಇಪ್ಪತ್ತೈದು ಬೇತಾಳ ಕಥೆಗಳನ್ನು ಪತ್ರಿಕೆ ಹೊಸ ಕಥೆಗಳಿಂದ ದಶಕಗಳ ಕಾಲ ಬೆಳೆಸಿತು. ಬೇತಾಳ ಪ್ರಶ್ನೆ ಕೇಳುತ್ತಾನೆ, ರಾಜ ಮೌನ ಮುರಿಯುತ್ತಾನೆ, ಬೇತಾಳ ಮರಕ್ಕೆ ಹಾರುತ್ತಾನೆ. ಕ್ರಮ ತಪ್ಪದು. ಕ್ರಮ ತಿಳಿದ ಮೇಲೆ ಭಯದ ಜಾಗದಲ್ಲಿ ಕಾಯುವಿಕೆ ಬಂದು ಕೂರುತ್ತದೆ. 1985ರಲ್ಲಿ ದೂರದರ್ಶನದ ‘ವಿಕ್ರಮ್ ಔರ್ ಬೇತಾಲ್’ ಬಂದಾಗ ಹಿಂದಿ ಅರಿಯದ ಮಕ್ಕಳಿಗೂ ಕಥೆ ತಿಳಿದದ್ದು ಇದರಿಂದಲೇ.

1990ರ ದಶಕದ ‘ನಾಳೆ ಬಾ’ ಗಾಳಿಸುದ್ದಿಯನ್ನೂ ಇಲ್ಲಿ ನೆನೆಯಬೇಕು. ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಬಾಗಿಲು ಬಡಿಯುತ್ತದೆ, ಬಾಗಿಲು ತೆರೆದರೆ ಸಾವು ಎಂದು ಸುದ್ದಿ. ಮದ್ದೇನು? ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿ ಮರಳುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ಕನ್ನಡ ಓದಬಲ್ಲ, ಮಾತಿಗೆ ತಪ್ಪದ ದೆವ್ವ! ಇಲ್ಲಿಯೂ ಹೆದರಿದವರ ಕೈಗೆ ಒಂದು ಕೆಲಸ ಸಿಕ್ಕಿತ್ತು, ಒಂದು ತುಂಡು ಸುಣ್ಣದಕಡ್ಡಿಯ ಕೆಲಸ. ಈ ಕಥೆ 2018ರ ಹಿಂದಿ ಚಿತ್ರ ‘ಸ್ತ್ರೀ’ಯವರೆಗೂ ನಡೆದುಹೋಯಿತು.

ಹಾಗಾದರೆ ಕಳೆದುಹೋದದ್ದೇನು? ಇಂದಿನ ಮಕ್ಕಳಿಗೆ ದೆವ್ವಗಳ ಬರಗಾಲವಿಲ್ಲ. ಮೊಬೈಲಿನಲ್ಲಿ ಬೇಕಾದಷ್ಟಿವೆ, ಮಕ್ಕಳು ಅವನ್ನು ಇಷ್ಟಪಟ್ಟೇ ನೋಡುತ್ತಾರೆ. ಅದಕ್ಕೆ ಅವರನ್ನು ಬೈಯುವುದು ನ್ಯಾಯವಲ್ಲ. ವ್ಯತ್ಯಾಸವಿರುವುದು ಗಡುವಿನಲ್ಲಿ ಮತ್ತು ಕೈಯಲ್ಲಿ. ಪರದೆಯ ದೆವ್ವಕ್ಕೆ ಹುಣ್ಣಿಮೆಯಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಅದನ್ನು ಮಾಡಿದವರು ಯಾರೋ, ಮುಗಿಸುವವರು ಯಾರೂ ಇಲ್ಲ.

ಕೈಗೆ ಕೆಲಸ ಕೊಡುತ್ತಿದ್ದ ಸಾಮಗ್ರಿಯೂ ಕರಗಿದೆ. ಹಾವೇರಿ ಜಿಲ್ಲೆಯ ಹೊಲಗಳನ್ನು ಗೋವಿನಜೋಳ ತುಂಬಿದ ಮೇಲೆ ಜೋಳದ ದಂಟು ಅಪರೂಪವಾಯಿತು. ಅದರೊಂದಿಗೆ ದಂಟಿನ ಸಿಪ್ಪೆ ಮತ್ತು ಬೆಂಡಿನಿಂದ ಆಗುತ್ತಿದ್ದ ಬಂಡಿ, ಕನ್ನಡಕಗಳೂ ಹೋದವು. ಉಳುವ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ದೀಪಾವಳಿಯ ಹೊತ್ತಿನ ಹೋರಿ ಬೆದರಿಸುವ ಆಟ ಈ ಸೀಮೆಯಲ್ಲಿ ಇನ್ನೂ ಅಬ್ಬರದಿಂದ ನಡೆಯುತ್ತದೆ, ಆದರೆ ನೊಗ ಹೊರುವ ಎತ್ತನ್ನು ಹತ್ತಿರದಿಂದ ಕಾಣದ ಮಗು ಮಣ್ಣಿನಲ್ಲಿ ಅದರ ಇಣಿಯನ್ನು ಎಲ್ಲಿ ಇಡಬೇಕು?

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ ಆ ಸಾಹಸ ದೊಡ್ಡದು. 2020ರಲ್ಲಿ ತೀರಿಕೊಂಡ ಅವರಿಗೆ ಈ ಸೀಮೆ ಋಣಿ. ಆದರೆ ಅದು ನೋಡುವ ನೆನಪು. ಮಾಡುವ ನೆನಪನ್ನು ಯಾವ ಉದ್ಯಾನವೂ ಕಾಯ್ದಿಡಲಾರದು. ಅದು ಬೆರಳಿನಿಂದ ಬೆರಳಿಗೇ ದಾಟಬೇಕು.

ಇನ್ನೊಂದು ಮಾತು ಮರೆಯಬಾರದು. ಜೋಕುಮಾರನ ಬುಟ್ಟಿಯನ್ನು ಹೊತ್ತವರು ಒಂದೇ ಸಮಾಜದ ಬಡ ಹೆಣ್ಣುಮಕ್ಕಳು. ಕಟ್ಟೆಯ ಮೇಲೆ ಕುಳಿತವರಿಗೆ ಅದು ಸವಿನೆನಪು, ಅವರಿಗೆ ಮೊರದ ಜೋಳ ಆ ದಿನಗಳ ಊಟ. ಅವರ ಮಕ್ಕಳು ಶಾಲೆ ಕಲಿತು, ಬೇರೆ ಕೆಲಸ ಹಿಡಿದು, ‘ಇನ್ನು ಬುಟ್ಟಿ ಹೊರುವುದಿಲ್ಲ’ ಎಂದರೆ ‘ಸಂಪ್ರದಾಯ ಹಾಳಾಯಿತು’ ಎಂದು ಗೊಣಗುವ ಹಕ್ಕು ಯಾರಿಗೂ ಇಲ್ಲ. ಹಾಡು ಉಳಿಯಬೇಕೆಂಬ ಕಾಳಜಿ ಇದ್ದವರು ಆ ತಾಯಂದಿರನ್ನು ಕರೆದು ಕೂರಿಸಿ, ಕಲಾವಿದೆಯರಿಗೆ ಸಲ್ಲುವ ಗೌರವ ಮತ್ತು ಸಂಭಾವನೆ ಕೊಟ್ಟು ಕೇಳಲಿ, ದಾಖಲಿಸಲಿ. ನೆನಪಿನ ಸುಖ ಒಬ್ಬರದು, ಅದರ ಭಾರ ಇನ್ನೊಬ್ಬರದು ಎಂಬಂತೆ ಆಗಬಾರದು.

ಮಣ್ಣೆತ್ತಿಗೆ ಅಂಥ ತೊಡಕಿಲ್ಲ. ಜಾತಿ ಕೇಳದೆ, ಹಣ ಕೇಳದೆ ಯಾವ ಮನೆಯ ಜಗುಲಿಯ ಮೇಲೂ ಅದು ಆಗಬಲ್ಲದು. ಬರುವ ಜ್ಯೇಷ್ಠದ ಅಮಾವಾಸ್ಯೆಗೆ ಈ ಊರಿನ ಪ್ರತಿ ಶಾಲೆ ಒಂದು ಮಧ್ಯಾಹ್ನವನ್ನು ಮಣ್ಣಿಗೆ ಬಿಟ್ಟುಕೊಡಲಿ. ಎತ್ತು ಬೇಡವೆಂದ ಮಗು ದೆವ್ವ ಮಾಡಲಿ, ಬೇತಾಳ ಮಾಡಲಿ, ಮೊಬೈಲಿನಲ್ಲಿ ಕಂಡ ಭೂತವನ್ನೇ ಮಾಡಲಿ. ಬಣ್ಣ ಬಳಿಯದೆ ಇಟ್ಟು, ನೆರಳಿನಲ್ಲಿ ಆರಿಸಿ, ಗೆಳೆಯರನ್ನು ಹೆದರಿಸಿ, ಏಳನೆಯ ದಿನ ತನ್ನ ಕೈಯಿಂದಲೇ ನೀರಿಗೆ ಬಿಡಲಿ. ಅದು ಕರಗುವುದನ್ನು ದಂಡೆಯ ಮೇಲೆ ನಿಂತು ಪೂರ್ತಿ ನೋಡಲಿ.