ಮಠದ ಕಡತದಲ್ಲಿ ಮನೆತನದ ಚರಿತ್ರೆ

 

ಶ್ರೀಮಠದ ಮಹೋತ್ಸವದ ಈ ಶುಭಸಮಯದಲ್ಲಿ ನನಗೆ ಅಪ್ಪಣೆಯಾಗಿರುವ ವಿಷಯವು ಹಳೆಯ ಕಡತಗಳಿಂದ ಮನೆತನಗಳ ಪೂರ್ವವೃತ್ತಾಂತವನ್ನು ಅರಿಯುವ ಬಗೆ.

ಈ ರಾಂಪುರದ ಸೀಮೆಗೆ ಸೇರಿದ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದನ್ನು ರೈಸ್ ಸಾಹೇಬರು 1892ರಲ್ಲಿ ಬೆಳಕಿಗೆ ತಂದರು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಅರಸನ ಮಾತು ಬಂಡೆಯ ಮೇಲೆ ಉಳಿಯಿತು. ಆದರೆ ಅದೇ ಬೆಟ್ಟದ ಬುಡದಲ್ಲಿ ಹೊಲ ಉತ್ತವನ ಹೆಸರನ್ನು ಬರೆದಿಟ್ಟವರಾರು? ಕಲ್ಲಿನಲ್ಲಿ ಕೊರೆಯಿಸುವ ಶಕ್ತಿಯಿಲ್ಲದವನ ಹೆಸರು ಉಳಿದಿದ್ದರೆ ಶ್ಯಾನುಭೋಗರ ಲೆಕ್ಕದಲ್ಲಿ ಉಳಿದಿರಬೇಕು, ಇಲ್ಲವೇ ಮಠದ ಕಡತದಲ್ಲಿ ಉಳಿದಿರಬೇಕು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ಕುಲವನ್ನು ಕೇಳಬೇಡವೆಂದು ಬೋಧಿಸಿದ ಶರಣರ ಮತದವರಿಗೆ ವಂಶಾವಳಿಯ ಹಂಬಲವೇಕೆ? ಈ ಶಂಕೆಗೆ ಉತ್ತರವನ್ನು ಕಡತವೇ ನನಗೆ ಕಲಿಸಿತು. ಅದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುವೆನು.

ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕೂಡಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕರಿಯ ಹೊತ್ತಿಗೆ. ಇದರ ಮೇಲೆ ಬಳಪದಿಂದ ಬರೆಯುವರು. ಒರೆಸಿದರೆ ಬರೆಹ ಹೋಗುವುದು. ಆದುದರಿಂದ ಧೂಳು ಕಂಡರೂ ಒದ್ದೆಬಟ್ಟೆಯನ್ನು ಸೋಕಿಸಲಾಗದು. ಹೊರಬೆಳಕಿನಲ್ಲಿ ಒಂದೊಂದು ಮಡಿಕೆಯನ್ನೂ ಬಿಡಿಸಿ, ಮೊದಲು ಛಾಯಾಚಿತ್ರ ತೆಗೆಯಿಸಿ, ಬಳಿಕ ಓದುವುದು ಕ್ಷೇಮ.

ಓದುವವನಿಗೆ ಅಲ್ಲಿ ಎರಡು ಸುಳಿಗಳುಂಟು. ಮೊದಲನೆಯದು ಸಂವತ್ಸರ. ಪ್ರಭವಾದಿ ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳುವುವು. ಧಾತು ಎಂದು ಬರೆದಿದ್ದರೆ ಅದು 1816, 1876, 1936 ಇವುಗಳಲ್ಲಿ ಯಾವುದೂ ಆಗಬಹುದು. ಎರಡನೆಯದು ಹೆಸರು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವರು. ಅಜ್ಜನಿಗೂ ಮೊಮ್ಮಗನಿಗೂ ಇರುವ ಅಂತರವು ಹೆಚ್ಚುಕಡಿಮೆ ಅರವತ್ತೇ ವರ್ಷ. ಹೀಗೆ ಸಂವತ್ಸರವೂ ಹೆಸರೂ ಒಟ್ಟಿಗೇ ಮರಳಿ ಬಂದು ಓದುವವನನ್ನು ಮೋಸಗೊಳಿಸುವುವು. ಶಕವರ್ಷದ ಅಂಕೆ ದೊರೆತ ಹೊರತು ನಿರ್ಣಯಕ್ಕೆ ಹೋಗಬಾರದು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಇಂಗ್ಲಿಷ್ ವರ್ಷವು ಬರುವುದು. ಯುಗಾದಿಗೆ ಮುಂಚಿನ ತಿಂಗಳುಗಳಾದರೆ 79ನ್ನು ಕೂಡಿಸಬೇಕು.

ಈ ಸುಳಿಗೆ ನಾನೇ ಸಿಕ್ಕಿದೆನು. ಒಂದು ಕಡತದಲ್ಲಿ ಧಾತು ಸಂವತ್ಸರದ ಕೆಳಗೆ ನಮ್ಮ ಮನೆತನದ ಹಿರಿಯರೊಬ್ಬರು ದಾಸೋಹಕ್ಕೆ ಒಂದು ಖಂಡುಗ ಜೋಳವನ್ನೂ ಮೂರು ಹಣವನ್ನೂ ಒಪ್ಪಿಸಿದರೆಂದಿತ್ತು. ಧಾತು ಈಶ್ವರದ ಬರವನ್ನು ಕೇಳದವರಾರು? 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು, 1876ರಿಂದ 1878ರವರೆಗಿನ ಆ ಕ್ಷಾಮದ ತರುವಾಯ, 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಅಂಥ ಕಾಲದಲ್ಲಿ ಖಂಡುಗ ಜೋಳ ಕೊಟ್ಟ ಮನೆ ನಮ್ಮದೆಂದು ನಾನು ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ್ದೂ ಉಂಟು.

ಕೆಲವು ವರ್ಷಗಳಾದ ಮೇಲೆ ಅದೇ ಕಡತವನ್ನು ಮತ್ತೆ ಬಿಡಿಸಿದಾಗ ಲೆಕ್ಕವೆಲ್ಲ ವರಹ, ಹಣಗಳಲ್ಲಿರುವುದು ಕಣ್ಣಿಗೆ ಬಿತ್ತು. ಬರಗಾಲದ ಕಡತಗಳಲ್ಲಿಯಾದರೋ ರೂಪಾಯಿ, ಆಣೆಗಳಿದ್ದುವು. ಸಂದೇಹಗೊಂಡು ಮೊದಲ ಮಡಿಕೆಯನ್ನು ನೋಡಲು, ಮಾಸಿದ ಅಂಕೆಗಳಲ್ಲಿ ಶಕ 1738 ಎಂದಿತ್ತು, ಅಂದರೆ 1816. ಕೊಟ್ಟವರು ನಾನೆಣಿಸಿದವರಲ್ಲ, ಅವರ ಅಜ್ಜ.

ಹಾಗಾದರೆ ಬರಗಾಲದಲ್ಲಿ ನಮ್ಮವರೇನಾದರು? ಶಕ 1799, ಈಶ್ವರ ಸಂವತ್ಸರದ ಕಡತದಲ್ಲಿ ಮಠದ ಹಗೇವಿನಿಂದ ಧಾನ್ಯ ಒಯ್ದವರ ಪಟ್ಟಿಯುಂಟು. ಅದರಲ್ಲಿ ನಮ್ಮ ತಾತನವರ ತಾತನ ಹೆಸರಿನ ಮುಂದೆ, ಎರಡು ಕೊಳಗ ಜೋಳ ಕಡ ಎಂದು ಬರೆದಿದೆ. ಎಷ್ಟೋ ಹೆಸರುಗಳ ಮುಂದೆ ಸಂದಿತೆಂಬ ಗುರುತುಂಟು. ನಮ್ಮ ಹೆಸರಿನ ಮುಂದೆ ಬರಿದು. ನಾವು ಕೊಟ್ಟು ಬದುಕಿಸಿದವರೆಂದು ನಾನು ಸಾರಿದ್ದೆನು. ಕಡತವು ನಾವು ಉಂಡು ಬದುಕಿದವರೆಂದು ಹೇಳಿತು.

ಮನೆತನದ ಚರಿತ್ರೆಯನ್ನು ಅರಸುವವರು ಒಂದೇ ಸಾಕ್ಷಿಯನ್ನು ನಂಬಬಾರದು. ಹೆಳವರು ಮನೆಬಾಗಿಲಿಗೆ ಬಂದು ಹೇಳುವ ವಂಶಾವಳಿಯು ತಲೆಮಾರುಗಳ ಹೆಸರುಗಳನ್ನು ಕಾಪಾಡಿದೆ. ಅದನ್ನು ಆದರದಿಂದ ಬರೆದುಕೊಂಡು ಕಡತದೊಡನೆ ಹೋಲಿಸಿರಿ. ನಮ್ಮದು ಗಡಿನಾಡು. ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲಿದ್ದಿತು. ಬಳ್ಳಾರಿ, ರಾಯದುರ್ಗಗಳು 1953ರವರೆಗೆ ಮದರಾಸು ಆಡಳಿತದಲ್ಲಿದ್ದುವು. ಆ ವರ್ಷ ಬಳ್ಳಾರಿಯು ಮೈಸೂರಿಗೂ ರಾಯದುರ್ಗವು ಆಂಧ್ರಕ್ಕೂ ಸೇರಿದುವು. ಗಡಿಯಾಚೆ ಹೆಣ್ಣು ಕೊಟ್ಟು ತಂದವರ ಕಾಗದಗಳು ಎರಡು ಕಡೆಗೂ ಹಂಚಿಹೋಗಿರುವುವು. ಮದರಾಸಿನ ಕಂದಾಯದ ಲೆಕ್ಕಗಳಲ್ಲಿ ಫಸಲಿ ವರ್ಷವುಂಟು. ಅದಕ್ಕೆ 590ನ್ನು ಕೂಡಿಸಿದರೆ ಜುಲೈ ತಿಂಗಳಲ್ಲಿ ಮೊದಲಾಗುವ ಆ ವರ್ಷವು ತಿಳಿಯುವುದು. ಫಸಲಿ 1286 ಎಂದರೆ 1876ರ ಜುಲೈಯಿಂದ ಮುಂದಿನ ಜೂನ್‌ವರೆಗೆ. ತಾಯಂದಿರ ಹೆಸರು ಕಡತದಲ್ಲಿ ಅಪರೂಪ; ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದು ಬಿಟ್ಟಿರುವರು. ಅವರ ಹೆಸರುಗಳನ್ನು ಮನೆಯ ಮುದುಕಿಯರು ಇರುವಾಗಲೇ ಕೇಳಿ ಬರೆದಿಡಿರಿ.

ಇನ್ನು ಮೊದಲು ಹೇಳಿದ ಶಂಕೆಗೆ ಉತ್ತರ. ನಾವು ಯಾರಿಗಿಂತ ಮೇಲೆಂದು ತಿಳಿಯಲು ವಂಶವನ್ನು ಅರಸುವುದಾದರೆ ಅದು ಶರಣರಿಗೆ ಒಪ್ಪದ ಕೆಲಸ. ನಾವು ಯಾರಿಗೆ ಋಣಿಗಳೆಂದು ತಿಳಿಯಲು ಅರಸಿದರೆ ಅದೂ ಒಂದು ಕಾಯಕವೇ. ಆ ಹಗೇವಿನ ಪಟ್ಟಿಯಲ್ಲಿ ನಮ್ಮ ಹಿರಿಯನ ಮೇಲೂ ಕೆಳಗೂ ನಾನಾ ಕಸುಬಿನವರ ಹೆಸರುಗಳಿವೆ. ಹಸಿವು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಮಠವು ಎಲ್ಲರಿಗೂ ಒಂದೇ ಕೊಳಗದಿಂದ ಅಳೆಯಿತು.

ನಿಮ್ಮ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಇಂಥ ಹೊತ್ತಿಗೆಗಳಿದ್ದರೆ ಗೆದ್ದಲಿಗೂ ಒಲೆಗೂ ಕೊಡದೆ ಶ್ರೀಮಠಕ್ಕೆ ತೋರಿಸಿರಿ. ಪ್ರತಿಯನ್ನು ಮಾಡಿಕೊಂಡು ಮೂಲವನ್ನು ನಿಮಗೇ ಹಿಂದಿರುಗಿಸಲಾಗುವುದು. ಓದಿದಾಗ ಮನೆತನದ ಬಡತನವೇ ಕಂಡುಬಂದರೂ ಮುಚ್ಚಿಡಬೇಡಿರಿ, ತಿದ್ದಬೇಡಿರಿ.

ಈ ಉತ್ಸವದ ದಾಸೋಹಕ್ಕೆ ನಾನು ಎರಡು ಕೊಳಗ ಜೋಳವನ್ನು ತಂದು ಒಪ್ಪಿಸಿರುವೆನು. ಅದರಿಂದ ಋಣ ತೀರಿತೆಂಬ ಭಾವನೆ ನನಗಿಲ್ಲ. ಹಳೆಯ ಕಡತದ ಆ ಬರಿದಾದ ಜಾಗದಲ್ಲಿ ನಾನು ಏನನ್ನೂ ಬರೆದಿಲ್ಲ. ಅದು ಹಾಗೆಯೇ ಇರಲಿ. ನಮ್ಮ ಮಕ್ಕಳೂ ಓದಲಿ.